ಬೆಕ್ಕಿನ ಮಧುಮೇಹಕ್ಕೆ ಗ್ಲಾರ್ಜಿನ್ ಇನ್ಸುಲಿನ್: ದೀರ್ಘಕಾಲ ಬಳಸಿದವರ ವಿಮರ್ಶೆ

ಮನುಷ್ಯರಿಗೆಂದು ತಯಾರಾಗುವ ಗ್ಲಾರ್ಜಿನ್ ಇನ್ಸುಲಿನ್ ಅನ್ನು ನಮ್ಮ ಬೆಕ್ಕು ಕೆಂಚನಿಗೆ ಪಶುವೈದ್ಯರ ಸಲಹೆಯಂತೆ ಕೆಲವು ವರ್ಷಗಳಿಂದ ಕೊಡುತ್ತ ಬಂದಿದ್ದೇವೆ. ಸನೋಫಿಯ ಲ್ಯಾಂಟಸ್, ಬೆಂಗಳೂರಿನ ಬಯೋಕಾನ್ ಕಂಪನಿಯ ಬೇಸಲಾಗ್ ಮುಂತಾದ ಹೆಸರುಗಳಲ್ಲಿ ಸಿಗುವುದು ಇದೇ ಔಷಧ. ವಿದೇಶಗಳಲ್ಲಿ ಬೆಕ್ಕಿಗೆಂದೇ ಮಾರುವ ಪ್ರೋಜಿಂಕ್‌ನಂಥ ಇನ್ಸುಲಿನ್ ಮೈಸೂರಿನಲ್ಲಿ ನಾವು ವಿಚಾರಿಸಿದ ಕಡೆಯಲ್ಲೆಲ್ಲೂ ಸಿಗಲಿಲ್ಲ. ಗ್ಲಾರ್ಜಿನ್ ಮಾತ್ರ ಮನೆ ಹತ್ತಿರದ ಮೆಡಿಕಲ್ ಸ್ಟೋರ್‌ನಲ್ಲಿಯೇ ದೊರೆಯುತ್ತದೆ. ಜೀವನಪರ್ಯಂತ ಬೇಕಾಗಬಹುದಾದ ಔಷಧಕ್ಕೆ ಇದು ಸಣ್ಣ ಗುಣವೇನಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆಯಾದ, ಮೈ ತುಂಬಿಕೊಂಡ, ವಯಸ್ಸಾದ ಗಂಡು ಬೆಕ್ಕುಗಳಲ್ಲಿ ಈ ಕಾಯಿಲೆ ಹೆಚ್ಚು, ಕೆಂಚ ಈ ಮೂರಕ್ಕೂ ಸಲ್ಲುತ್ತಾನೆ. ಬಟ್ಟಲುಗಟ್ಟಲೆ ನೀರು ಕುಡಿಯುವುದು ಚಿಕಿತ್ಸೆ ಆರಂಭಿಸಿದ ಕೆಲವೇ ವಾರಗಳಲ್ಲಿ ತಗ್ಗಿತು. ಆದರೆ ನರಗಳು ದುರ್ಬಲವಾಗಿ, ಬೆರಳುಗಳ ಮೇಲೆ ನಡೆಯಬೇಕಾದ ಪ್ರಾಣಿ ಹಿಂಗಾಲಿನ ಹಿಮ್ಮಡಿಯನ್ನು ಪೂರ್ತಿ ನೆಲಕ್ಕೂರಿ ನಡೆಯುತ್ತಿದ್ದುದು ಸರಿಹೋಗಲು ತಿಂಗಳುಗಳೇ ಹಿಡಿದವು.

ಗ್ಲಾರ್ಜಿನ್ ಆಮ್ಲೀಯ ದ್ರಾವಣ. ಚರ್ಮದ ಕೆಳಗೆ ಸೇರಿದೊಡನೆ ಅದು ಸೂಕ್ಷ್ಮ ಹರಳುಗಳಾಗಿ, ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಆದ್ದರಿಂದಲೇ ಅದಕ್ಕೆ ಬೇರೇನನ್ನೂ ಬೆರೆಸಿ ತೆಳುವಾಗಿಸಬಾರದು. ಮನುಷ್ಯರಿಗೆ ಸಾಮಾನ್ಯವಾಗಿ ದಿನಕ್ಕೊಂದು ಚುಚ್ಚುಮದ್ದು ಸಾಕಾದರೂ ಬೆಕ್ಕಿನಲ್ಲಿ ಅಷ್ಟು ಹೊತ್ತು ಬಾಳುವುದಿಲ್ಲವಾಗಿ, 12 ಗಂಟೆಗೊಮ್ಮೆ ಕೊಡಬೇಕು. ಭುಜದ ಹಿಂದಿನ ಪಕ್ಕೆಯ ಚರ್ಮವನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು ಚುಚ್ಚಿದರೆ ಕೆಂಚ ತಟ್ಟೆಯಿಂದ ಮುಖವನ್ನೂ ಎತ್ತುವುದಿಲ್ಲ.

ನಿಜವಾದ ತೊಡಕಿರುವುದು ಅಳತೆಯಲ್ಲಿ. ನಮ್ಮ ದೇಶದಲ್ಲಿ ಸೀಸೆಯಲ್ಲಿ ಬರುವ ಸಾಧಾರಣ ಇನ್ಸುಲಿನ್ ಬಹುಮಟ್ಟಿಗೆ ಒಂದು ಮಿಲಿಲೀಟರಿಗೆ 40 ಯೂನಿಟ್‌ನದು, ಗ್ಲಾರ್ಜಿನ್ 100 ಯೂನಿಟ್‌ನದು. ಹೀಗಾಗಿ ಬರೀ ‘ಇನ್ಸುಲಿನ್ ಸಿರಿಂಜ್’ ಎಂದು ಕೇಳಿದರೆ ಅಂಗಡಿಯವರು ಕೆಂಪು ಮುಚ್ಚಳದ 40ರ ಸಿರಿಂಜನ್ನು ಕೈಗಿಡುವುದು ರೂಢಿ. ಅದರಲ್ಲಿ ಒಂದು ಗೆರೆಯಷ್ಟು ಗ್ಲಾರ್ಜಿನ್ ಎಳೆದರೆ ಒಳಹೋಗುವುದು ಎರಡೂವರೆ ಯೂನಿಟ್. ಒಂದು ಯೂನಿಟ್‌ನಿಂದ ಚಿಕಿತ್ಸೆ ಆರಂಭಿಸುವ ನಾಲ್ಕೈದು ಕಿಲೋ ತೂಕದ ಜೀವಕ್ಕೆ ಅದು ಪ್ರಾಣಾಪಾಯ. ಕಿತ್ತಳೆ ಮುಚ್ಚಳದ 100ರ ಸಿರಿಂಜ್, ಅದರಲ್ಲೂ ಅರ್ಧ ಯೂನಿಟ್ ಗೆರೆಗಳಿರುವುದು ಸಿಕ್ಕರೆ ಅದನ್ನೇ ಕೊಳ್ಳಬೇಕು. ಇನ್ಸುಲಿನ್ ಚುಚ್ಚಲು ಬಳಸುವ ಸಾಮಾನ್ಯ ಪೆನ್ನು ಒಂದೊಂದೇ ಯೂನಿಟ್ ಏರಿಳಿಸುತ್ತದೆ, ಬೆಕ್ಕಿಗೆ ಅರ್ಧ ಯೂನಿಟ್ಟೂ ದೊಡ್ಡ ವ್ಯತ್ಯಾಸವೇ. ಆದ್ದರಿಂದ ನಾವು ವೈದ್ಯರು ತೋರಿಸಿಕೊಟ್ಟಂತೆ ಪೆನ್ನಿನೊಳಗಿಡುವ ಔಷಧದ ಕೊಳವೆಯಿಂದ, ಅಂದರೆ ಕಾರ್ಟ್ರಿಜ್‌ನಿಂದ, ಸಿರಿಂಜ್‌ಗೆ ಎಳೆದುಕೊಳ್ಳುತ್ತೇವೆ.

3 ಮಿಲಿಲೀಟರ್ ಕಾರ್ಟ್ರಿಜ್‌ನಲ್ಲಿ 300 ಯೂನಿಟ್ ಇರುತ್ತದೆ. ತೆರೆದ ಮೇಲೆ 28 ದಿನ ಎಂದು ತಯಾರಕರು ಬರೆದಿರುವುದನ್ನು ಅಕ್ಷರಶಃ ಪಾಲಿಸಿದರೆ ಮುಕ್ಕಾಲು ಪಾಲು ಚೆಲ್ಲಬೇಕಾಗುತ್ತದೆ. ಫ್ರಿಜ್‌ನಲ್ಲಿಟ್ಟು, ದ್ರವ ತಿಳಿಯಾಗಿರುವವರೆಗೆ ಮತ್ತು ಸಕ್ಕರೆಯ ಅಂಕಿಗಳು ಏರುಪೇರಾಗದಿರುವವರೆಗೆ ಇನ್ನೂ ಹೆಚ್ಚು ಕಾಲ ಬಳಸಲು ಅನೇಕ ಪಶುವೈದ್ಯರು ಒಪ್ಪುತ್ತಾರೆ, ನಮ್ಮವರೂ ಒಪ್ಪಿದ್ದಾರೆ. ಆದರೆ ಇದು ಅವರವರ ವೈದ್ಯರನ್ನೇ ಕೇಳಿ ನಿರ್ಧರಿಸಬೇಕಾದ ವಿಷಯ.

ಮನೆಯಲ್ಲಿ ರಕ್ತ ಪರೀಕ್ಷಿಸಲಾಗದವರಿಗೆ ಈ ಔಷಧವನ್ನು ನಾನು ಧೈರ್ಯವಾಗಿ ಶಿಫಾರಸು ಮಾಡಲಾರೆ. ಆಸ್ಪತ್ರೆಯ ಗಾಬರಿಗೇ ಬೆಕ್ಕಿನ ಸಕ್ಕರೆ ಮೇಲೇರುವುದರಿಂದ ಅಲ್ಲಿನ ಒಂದು ಅಂಕಿಯನ್ನು ನಂಬಿ ಡೋಸ್ ಏರಿಸುವಂತಿಲ್ಲ. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕಿವಿಗೆ ಹಿಡಿದು, ಹಿಂದೆ ಹತ್ತಿ ಆನಿಸಿ, ಅಂಚಿನ ರಕ್ತನಾಳದ ಪಕ್ಕ ಚುಚ್ಚಿದರೆ ಸಾಸಿವೆ ಕಾಳಿನಷ್ಟು ರಕ್ತ ಬರುತ್ತದೆ, ಗ್ಲುಕೋಮೀಟರ್‌ನ ಸ್ಟ್ರಿಪ್‌ಗೆ ಅಷ್ಟು ಸಾಕು. ಮನುಷ್ಯರ ಗ್ಲುಕೋಮೀಟರ್ ಬೆಕ್ಕಿನ ರಕ್ತದಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ, ಏಕೆಂದರೆ ಬೆಕ್ಕಿನಲ್ಲಿ ಗ್ಲೂಕೋಸ್‌ನ ಬಹುಪಾಲು ಕೆಂಪು ಕಣಗಳಲ್ಲಿರದೆ ಪ್ಲಾಸ್ಮಾದಲ್ಲಿರುತ್ತದೆ. ಹಾಗಾಗಿ ಒಂದೇ ಮೀಟರ್‌ಗೆ ಅಂಟಿಕೊಂಡು, ಅದರ ಅಂಕಿಗಳನ್ನು ವೈದ್ಯರೊಂದಿಗೆ ಕೂತು ಅರ್ಥಮಾಡಿಕೊಳ್ಳಬೇಕು. ಚುಚ್ಚುವ ಮೊದಲು ಅಂಕಿ ತೀರ ಕೆಳಗಿದ್ದರೆ, ಅಥವಾ ಬೆಕ್ಕು ಊಟ ಬಿಟ್ಟಿದ್ದರೆ, ವೈದ್ಯರಿಗೆ ಫೋನ್ ಮಾಡದೆ ಇನ್ಸುಲಿನ್ ಕೊಡಬಾರದು. ಸಕ್ಕರೆ ತೀರ ಇಳಿದು ಬೆಕ್ಕು ತೂರಾಡತೊಡಗಿದರೆ ಒಸಡಿಗೆ ಸವರಲೆಂದು ಜೇನುತುಪ್ಪ ನಮ್ಮಲ್ಲಿ ಸಿರಿಂಜ್ ಡಬ್ಬಿಯ ಪಕ್ಕದಲ್ಲೇ ಇರುತ್ತದೆ.

ಅನ್ನ-ಹಾಲಿನ ಮೇಲೆ ಬೆಳೆದ ಬೆಕ್ಕಿಗೆ ಆಹಾರ ಬದಲಿಸದೆ ಬರೀ ಇನ್ಸುಲಿನ್ ಕೊಟ್ಟರೆ ಪ್ರಯೋಜನ ಅಷ್ಟಕ್ಕಷ್ಟೆ. ಕಾರ್ಬೋಹೈಡ್ರೇಟ್ ಕಡಿಮೆಯಿರುವ, ನೀರಿನಂಶವುಳ್ಳ ಡಬ್ಬಿ ಆಹಾರಕ್ಕೆ ಬಂದ ಮೇಲೆಯೇ ಕೆಂಚನ ಅಂಕಿಗಳು ಹಿಡಿತಕ್ಕೆ ಸಿಕ್ಕವು. ಆದರೆ ಇನ್ಸುಲಿನ್ ಆರಂಭಿಸಿದ ಮೇಲೆ ಆಹಾರ ಬದಲಿಸುವಾಗ ಡೋಸ್ ಇಳಿಸಬೇಕಾಗಬಹುದು, ಆ ದಿನಗಳಲ್ಲಿ ಪರೀಕ್ಷೆ ಹೆಚ್ಚಿಸಬೇಕು. ಸಂಶೋಧಕರಾದ ಕರ್ಸ್ಟನ್ ರೂಂಪ್ ಮತ್ತು ಜಾಕ್ವಿ ರ್ಯಾಂಡ್ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಗ್ಲಾರ್ಜಿನ್, ಇಂಥ ಆಹಾರ ಹಾಗೂ ಮನೆಯಲ್ಲೇ ಮಾಡಿದ ಬಿಗಿಯಾದ ತಪಾಸಣೆಯಿಂದ 55 ಬೆಕ್ಕುಗಳಲ್ಲಿ ಶೇಕಡ 64ರಷ್ಟಕ್ಕೆ ಇನ್ಸುಲಿನ್ನೇ ಬೇಡವಾಯಿತು. ಕಾಯಿಲೆ ಗೊತ್ತಾದ ಆರು ತಿಂಗಳೊಳಗೆ ಆರಂಭಿಸಿದವುಗಳಲ್ಲಿ ಪ್ರಮಾಣ ಇನ್ನೂ ಹೆಚ್ಚಿತ್ತು. ಕೆಂಚ ಆ ಭಾಗ್ಯವಂತರ ಸಾಲಿಗೆ ಸೇರಲಿಲ್ಲ, ಸಣ್ಣ ಡೋಸ್‌ನಲ್ಲಿ ಸ್ಥಿರವಾಗಿದ್ದಾನೆ.

ಔಷಧಕ್ಕೆ ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಅರ್ಧ ಕಳೆದದ್ದು ಕಾರ್ಟ್ರಿಜ್‌ನ ಗಾತ್ರ ಬೆಕ್ಕಿಗೆ ಒಗ್ಗದ ಕಾರಣಕ್ಕೆ. ಕೊಳ್ಳುವವರು ಖರ್ಚಿನ ಲೆಕ್ಕ ಹಾಕುವಾಗ ಸ್ಟ್ರಿಪ್‌ಗಳನ್ನು ಮರೆಯಬಾರದು, ನಮ್ಮ ಮನೆಯಲ್ಲಿ ಇನ್ಸುಲಿನ್‌ಗಿಂತ ಅವುಗಳ ಬಿಲ್ಲೇ ದೊಡ್ಡದು.