ಮೋಟರ್ ಕೆಳಗೆ ಹನಿ ಬೀಳ್ತಿದ್ರೆ ಸುಮ್ನೆ ಬಿಡಬೇಡಿ

ಕಳೆದ ಬೇಸಿಗೆಯಲ್ಲಿ ನಮ್ಮ ಅಮ್ಮನಿಗೆ ನೀರಿನ ಮೋಟರ್‌ನಿಂದ ಶಾಕ್ ಹೊಡೆಯಿತು. ಸಂಪಿನ ಪಕ್ಕ ನೆಲ ಒರೆಸುತ್ತಿದ್ದರು. ಒದ್ದೆ ಬಟ್ಟೆ ಹಿಡಿದ ಕೈ ಓಡುತ್ತಿದ್ದ ಮೋಟರ್‌ನ ಲೋಹದ ಬಾಡಿಯನ್ನು ಮುಟ್ಟಿತು. ಯಾರೋ ದಬ್ಬಿದ ಹಾಗೆ ಹಿಂದಕ್ಕೆ ಗೋಡೆಗೆ ಬಿದ್ದರು. ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು, ಅದಕ್ಕೇ ಉಳಿದರು ಅಂತ ನಾನು ನಂಬಿದ್ದೇನೆ. ಎರಡು ದಿನ ಅವರ ಬಲಗೈ ನಡುಗುತ್ತಿತ್ತು.

ಇದು ಒಂದೇ ದಿನದಲ್ಲಿ ಆದದ್ದಲ್ಲ. ನಮ್ಮದು ತುಮಕೂರಿನಲ್ಲಿ ಒಂದು ಮಹಡಿಯ ಮನೆ. ನಲ್ಲಿ ನೀರು ಬಂದಾಗ ಸಂಪು ತುಂಬಿಸಿಕೊಂಡು, ಮೋಟರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಬೇಕು. ಹಳೇ ಮೋಟರ್ ಹೋದಾಗ ಅಂಗಡಿಯವರು "ಒಂದು ಎಚ್‌ಪಿ ತಗೊಳ್ಳಿ ಸಾರ್, ಬೇಗ ತುಂಬುತ್ತೆ" ಅಂದರು. ತಗೊಂಡೆ. ಸಂಪಿನ ತಳದಿಂದ ಟ್ಯಾಂಕಿನ ಬಾಯಿವರೆಗೆ ನಮ್ಮಲ್ಲಿ 40 ಅಡಿಯೂ ಇಲ್ಲ, ಅಂದರೆ ಸುಮಾರು 12 ಮೀಟರ್. ಪೈಪಿನ ತಿರುವುಗಳಿಗೆ ಅಂತ ಇನ್ನೆರಡು ಮೂರು ಮೀಟರ್ ಸೇರಿಸಿದರೂ ಅರ್ಧ ಎಚ್‌ಪಿ ಸಾಕಿತ್ತು. ಮೋಟರ್ ಮೇಲಿನ ತಗಡಿನಲ್ಲಿ ಎಷ್ಟು ಮೀಟರ್ ಹೆಡ್‌ಗೆ, ಅಂದರೆ ಎಷ್ಟು ಎತ್ತರಕ್ಕೆ, ಎಷ್ಟು ನೀರು ಅಂತ ಬರೆದಿರುತ್ತದೆ. ನೋಡಬೇಕಾದ್ದು ಅದನ್ನು. ನಾನು ಎಚ್‌ಪಿ ಮಾತ್ರ ನೋಡಿದೆ. ದೊಡ್ಡ ಮೋಟರ್ ನಮ್ಮ ಸಣ್ಣ ಸಂಪನ್ನು ಬೇಗ ಬರಿದು ಮಾಡುತ್ತದೆ ಅಂತ ಹೊಳೆಯಲೇ ಇಲ್ಲ.

ಜೊತೆಗೆ ಟ್ಯಾಂಕ್ ತುಂಬಿದರೆ ತಾನೇ ಆಫ್ ಆಗುವ ಆಟೋಮ್ಯಾಟಿಕ್ ಪೆಟ್ಟಿಗೆ ಹಾಕಿಸಿದೆ. ಸೆನ್ಸರ್ ಮೇಲಿನ ಟ್ಯಾಂಕಿಗೆ ಮಾತ್ರ ಹಾಕಿದ್ದರು, ಸಂಪಿಗೆ ಇರಲಿಲ್ಲ. ಏಪ್ರಿಲ್‌ನಲ್ಲಿ ಒಂದು ರಾತ್ರಿ ಸಂಪು ಖಾಲಿಯಾಯಿತು. ಟ್ಯಾಂಕ್ ತುಂಬಲಿಲ್ಲ, ಹಾಗಾಗಿ ಮೋಟರ್ ನಿಲ್ಲಲೂ ಇಲ್ಲ. ಬೆಳಗ್ಗೆ ಐದಕ್ಕೆ ಸುಟ್ಟ ರಬ್ಬರ್ ವಾಸನೆಗೆ ಎದ್ದೆವು.

ಮೋಟರ್ ಒಳಗಿನ ತಂತಿ ಸುರುಳಿ, ಅಂದರೆ ವೈಂಡಿಂಗ್, ಉಳಿದಿತ್ತು. ಆದರೆ ಪಂಪಿನ ನೀರು ಮೋಟರ್ ಕಡೆ ಬಾರದಂತೆ ತಡೆಯುವ ಸೀಲ್ ಹೋಗಿತ್ತು. ಸೀಲನ್ನು ತಂಪಾಗಿಡುವುದು ಪಂಪಿನೊಳಗಿನ ನೀರೇ. ನೀರಿಲ್ಲದೆ ತಿರುಗಿದರೆ ಅದು ಕಾದು ಹಾಳಾಗುತ್ತದೆ. ಅವತ್ತಿನಿಂದ ಪಂಪಿಗೂ ಮೋಟರಿಗೂ ನಡುವಿನ ಸಂದಿಯಿಂದ ಹನಿ ಬೀಳತೊಡಗಿತು. ಅಮ್ಮ ಕೆಳಗೆ ಒಂದು ತೆಂಗಿನ ಚಿಪ್ಪು ಇಟ್ಟರು. ಸಂಜೆಗೆ ತುಂಬುತ್ತಿತ್ತು, ಚೆಲ್ಲುತ್ತಿದ್ದೆವು. ಒಂದು ತಿಂಗಳು ಹೀಗೇ ನಡೆಯಿತು. ಹನಿಯೆಲ್ಲಾ ಚಿಪ್ಪಿಗೇ ಬೀಳುತ್ತಿರಲಿಲ್ಲ. ತಿರುಗುವ ಶಾಫ್ಟ್ ಹಿಡಿದು, ಅದನ್ನು ಹೊರುವ ಬೇರಿಂಗ್ ಕಡೆಗೂ ಹೋಗುತ್ತಿತ್ತು. ಕಿರ್ ಅನ್ನುವ ಸದ್ದು ಶುರುವಾಗಿದ್ದು ಅದಕ್ಕೇ. ಅಲ್ಲಿಂದ ತೇವ ವೈಂಡಿಂಗ್‌ಗೆ ಸೇರಿ, ಕರೆಂಟ್ ಮೋಟರ್‌ನ ಬಾಡಿಯ ಮೇಲೆ ಬಂತು.

ಆದರೂ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವೈರ್, ಸರಿಯಾಗಿದ್ದಿದ್ದರೆ ಅಮ್ಮನಿಗೆ ಹಾಗೆ ಹೊಡೆಯುತ್ತಿರಲಿಲ್ಲ. ಮೆಕ್ಯಾನಿಕ್ ಪ್ಲಗ್ ಬಿಚ್ಚಿ ತೋರಿಸಿದಾಗ ನನ್ನ ಎದೆ ಧಸಕ್ಕೆಂದಿತು. ಮೂರು ಪಿನ್ನಿನ ಪ್ಲಗ್, ಆದರೆ ಅರ್ಥಿಂಗ್‌ಗೆ ಅಂತ ಇರುವ ಮೇಲಿನ ದಪ್ಪ ಪಿನ್ನಿಗೆ ವೈರೇ ಇಲ್ಲ. ಆಟೋಮ್ಯಾಟಿಕ್ ಪೆಟ್ಟಿಗೆ ಕೂರಿಸಲು ಬಂದವರು ಕೇಬಲ್ ಸಾಲದೆ ಎರಡೆಳೆಯ ವೈರ್ ಸೇರಿಸಿದ್ದರು. ಮೋಟರ್ ಕಡೆಯ ಹಸಿರು ಅರ್ಥ್ ವೈರನ್ನು ಕತ್ತರಿಸಿ, ಕಪ್ಪು ಟೇಪ್ ಸುತ್ತಿ ಬಿಟ್ಟಿದ್ದರು. ಮೋಟರ್ ಓಡುವುದಕ್ಕೆ ಆ ವೈರ್ ಬೇಕಾಗಿಲ್ಲ, ಅದಕ್ಕೇ ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ಮೇನ್ ಬೋರ್ಡಿನಲ್ಲಿ ತಾನೇ ಆಫ್ ಆಗುವ ಸ್ವಿಚ್, ಎಂಸಿಬಿ, ಇದೆಯಲ್ಲ ಅಂತ ನಾನೂ ಧೈರ್ಯವಾಗಿದ್ದೆ. ಅದು ಬೀಳುವುದು (ಆಫ್ ಆಗುವುದು) ಶಾರ್ಟ್ ಆದರೆ, ಲೋಡ್ ಜಾಸ್ತಿಯಾದರೆ. ಮನುಷ್ಯನ ಮೈಯಲ್ಲಿ ಹರಿಯುವ ಅಷ್ಟು ಕರೆಂಟಿಗೆ ಅದು ಬೀಳುವುದಿಲ್ಲ, ಆದರೆ ಜೀವ ಹೋಗಲು ಅಷ್ಟೇ ಸಾಕು. ಅದಕ್ಕೆ ಕರೆಂಟ್ ಸೋರಿದ ಕೂಡಲೇ ಆಫ್ ಆಗುವ ಸ್ವಿಚ್, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಬೇರೆಯೇ ಬೇಕು.

ದಯವಿಟ್ಟು ಈ ವಾರವೇ ಎಲೆಕ್ಟ್ರಿಷಿಯನ್ ಕರೆಸಿ, ಮೋಟರ್‌ನ ಬಾಡಿಯಿಂದ ಅರ್ಥ್ ಗುಂಡಿವರೆಗೆ (ಸೋರಿದ ಕರೆಂಟ್ ನೆಲಕ್ಕೆ ಇಳಿಯುವ ಜಾಗ) ವೈರ್ ತುಂಡಾಗಿಲ್ಲವೇ ನೋಡಿಸಿ. ಬೇಸಿಗೆಯಲ್ಲಿ ಗುಂಡಿ ಒಣಗುತ್ತದೆ, ಆಗಾಗ ಒಂದು ಬಿಂದಿಗೆ ನೀರು ಹಾಕಿ. ಆಟೋಮ್ಯಾಟಿಕ್ ಇದ್ದರೆ ಸಂಪಿಗೂ ಸೆನ್ಸರ್ ಇದೆಯೇ ಕೇಳಿ. ಹನಿ ಕಂಡ ದಿನವೇ ಮೇನ್ ಆಫ್ ಮಾಡಿ ಸೀಲ್ ಬದಲಾಯಿಸಿ, ಮೋಟರ್ ಬದಲಾಯಿಸುವುದಕ್ಕಿಂತ ಅದರ ಖರ್ಚು ತುಂಬಾ ಕಡಿಮೆ. ಮನೆಯಲ್ಲಿ ವಯಸ್ಸಾದವರಿದ್ದರೆ, ಮೋಟರ್ ಓಡುವಾಗ ಆ ಕಡೆ ಒರೆಸಬೇಡಿ ಅಂತ ಹೇಳಿಬಿಡಿ.

ನಾವೀಗ ಅರ್ಧ ಎಚ್‌ಪಿ ಹಾಕಿದ್ದೇವೆ. ಸಾವಿರ ಲೀಟರ್ ತುಂಬಲು ಒಂದು ಗಂಟೆ ಹತ್ತಿರ ಹಿಡಿಯುತ್ತದೆ. ಆರ್‌ಸಿಸಿಬಿಯ ಟೆಸ್ಟ್ ಬಟನ್ ಅನ್ನು ಪ್ರತಿ ತಿಂಗಳು ಒಂದನೇ ತಾರೀಖು ನಾನೇ ಒತ್ತಿ ನೋಡುತ್ತೇನೆ. ಅಮ್ಮ ಇವತ್ತಿಗೂ ಮೋಟರ್ ಹತ್ತಿರ ಹೋಗುವುದಿಲ್ಲ.