ಝೆರಾಕ್ಸ್ ಮಾಡ್ಸೋಕೆ ಹೋಗಿ ಜರ್ಮನಿ ಪೆನ್ಷನ್ ಮಾಡ್ಸಿಕೊಂಡು ಬಂದ ಸಿರ್ಸಿ ಅಂಗಡಿ (5ಕ್ಕೆ 4 ಸ್ಟಾರ್)

ದೇವಿಕೆರೆ ಕಡೆ ಹೋಗೋ ದಾರೀಲಿ ಮೇಲ್ಮಾಳಿಗೆ ಮೇಲೊಂದು ಝೆರಾಕ್ಸ್-ಆನ್‌ಲೈನ್ ಅಂಗಡಿ, ಪಹಣಿ, ಆಧಾರು, ಬೆಳೆವಿಮೆ ಅಂತ ಜನ ಬರೋ ಜಾಗ. ಮೆಟ್ಲು ಕಡಿದಾಗಿದೆ, ಮಂಡಿನೋವಿದ್ದವ್ರಿಗೆ ತ್ರಾಸು. ಕೂರೋಕೆ ಎರಡೇ ಸ್ಟೂಲು.

ನನ್ ಕತೆ ಇಷ್ಟು. 1996ರಿಂದ 2008ರ ತನಕ ಪುಣೆಯಲ್ಲಿ ಫ್ಯಾಕ್ಟರಿ ಕೆಲ್ಸ, ಪಿಎಫ್ ಇತ್ತು, ಆಮೇಲೆ 4 ವರ್ಷ ಜರ್ಮನಿ, 2012ಕ್ಕೆ ತೋಟ ನೋಡೋರಿಲ್ಲ ಅಂತ ವಾಪಸ್ ಬಂದೆ. ಇಲ್ಲಿನ ಪೆನ್ಷನ್ನು 58ಕ್ಕೇ ಶುರುವಾಯ್ತು, ನಮ್ ಕಾಲದ ಲೆಕ್ಕ 6500 (ಪೆನ್ಷನ್ನಿಗೆ ಹಿಡಿಯೋ ಗರಿಷ್ಠ ಸಂಬಳ) ಇಂಟು 12 ವರ್ಷ ಭಾಗಿಸು 70, ಅಂದ್ರೆ ತಿಂಗ್ಳಿಗೆ 1114 ರೂಪಾಯಿ, ಕವಳದ ಖರ್ಚಿಗೆ ಅಡ್ಡಿಲ್ಲ. ಜರ್ಮನಿಯದ್ದು ಸಿಗೋದೇ ಇಲ್ಲ ಅಂದ್ಕೊಂಡಿದ್ದೆ, ಯಾಕಂದ್ರೆ ಅಲ್ಲಿ ಕಡಿಮೆ ಅಂದ್ರೂ 60 ತಿಂಗ್ಳು ಕಟ್ಟಿರ್ಬೇಕು, ನಂದು 48.

ಮೊದ್ಲು ಒಬ್ರು ಏಜೆಂಟ್ ಹತ್ರ ಹೋದೆ, ಅವ್ರು ಫೈಲ್ ನೋಡಿದ್ದೇ 'ಕಟ್ಟಿದ ದುಡ್ಡು ವಾಪಸ್ ತಗೊಂಡ್ಬಿಡಿ, ತಲೆನೋವು ಬೇಡ' ಅಂದ್ರು. ಹಾಗೆ ತಗೊಂಡ್ರೆ ನಮ್ ಸಂಬಳದಿಂದ ಹಿಡಿದ ಪಾಲು ಮಾತ್ರ ಬರೋದು, ಕಂಪನಿ ಹಾಕಿದ ಪಾಲು ಅಲ್ಲೇ, ಅಲ್ಲಿನ ಹಕ್ಕೂ ಪೂರ್ತಿ ಖಲಾಸ್, ಇದನ್ನ ಅವ್ರು ಹೇಳ್ಲೇ ಇಲ್ಲ. ನಾನು ಒಪ್ಪದೇ ಇದ್ದಾಗ 'ಜಾತ್ರೆ ಮುಗೀಲಿ, ನೋಡೋಣ'. 2024ರ ಮಾರಿಜಾತ್ರೆ ಮುಗೀತು, ಮಳೆಗಾಲ ಬಂತು, ಫೈಲು ಅವ್ರ ಕಪಾಟಲ್ಲೇ. ಆಮೇಲೆ ಗೊತ್ತಾಯ್ತು, ನನ್ ಹಾಗೆ 1958ರಲ್ಲಿ ಹುಟ್ಟಿದವ್ರಿಗೆ ಅಲ್ಲಿ ಪೆನ್ಷನ್ ವಯಸ್ಸು 66, ಅದಾಗಿ ಮೂರು ತಿಂಗ್ಳೊಳಗೆ ಅರ್ಜಿ ಹಾಕಿದ್ರೆ ಮೊದ್ಲಿಂದ ಕೊಡ್ತಾರೆ, ತಪ್ಪಿದ್ರೆ ಅರ್ಜಿ ಹಾಕಿದ ತಿಂಗ್ಳಿಂದ. ನಂದು ಫೆಬ್ರವರಿಯಿಂದ ಸಿಗ್ಬೇಕಿತ್ತು, ಜುಲೈಯಿಂದ ಸಿಕ್ತು. 5 ತಿಂಗ್ಳು, ಹತ್ರಹತ್ರ 940 ಯೂರೋ, ಜಾತ್ರೆ ತೇರಿನ ಜೊತೆ ಹೋಯ್ತು.

ಫೈಲ್ ವಾಪಸ್ ಇಸ್ಕೊಂಡು ಝೆರಾಕ್ಸಿಗೆ ಹೋದಾಗ ಕೌಂಟರ್ ಹುಡ್ಗಿ ಹಾಳೆ ಮಷಿನ್ನಿಗೆ ಇಡೋಕೆ ಮುಂಚೆ ಓದ್ತಾ ನಿಂತ್ಲು. 'ಸರ್, ಈ ನಂಬರ್ ನಡುವೆ ನಿಮ್ ಹುಟ್ಟಿದ ತಾರೀಕೇ ಇದೆ, ಅದ್ರ ಪಕ್ಕ ಜಿ ಯಾಕೆ? ನೀವು ಹೆಗಡೆ ಅಲ್ವಾ?' ಅಂದ್ಲು. ಅದು ಜರ್ಮನಿ ಪೆನ್ಷನ್ ವಿಮೆಯ ಹನ್ನೆರಡು ಅಂಕಿ-ಅಕ್ಷರದ ನಂಬರು, ಮಧ್ಯದ ಅಕ್ಷರ ಅಡ್ಡಹೆಸ್ರಿನ ಮೊದಲಕ್ಷರ, ಇಷ್ಟ್ ವರ್ಷ ನಾನೇ ನೋಡಿರ್ಲಿಲ್ಲ ಮಾರಾಯ್ರೆ! ಹಳೇ ಪಾಸ್‌ಪೋರ್ಟಲ್ಲಿ ಅಡ್ಡಹೆಸ್ರಿನ ಜಾಗ ಖಾಲಿ ಇತ್ತು, ಅಲ್ಲಿನವ್ರು ನನ್ ಹೆಸ್ರನ್ನೇ ಅಡ್ಡಹೆಸ್ರು ಮಾಡ್ಕೊಂಡಿದ್ರು, ಹೊಸದ್ರಲ್ಲಿ ಹೆಗಡೆ. ಹಳೇ ಪಾಸ್‌ಪೋರ್ಟ್ ಕಾಪಿ, ಇಬ್ರೂ ಒಬ್ಬನೇ ಅಂತ ನೋಟರಿ ಅಫಿಡವಿಟ್ಟು ಎರಡೂ ಜೊತೆಗೆ ಇಡ್ಸಿದ್ಲು. ಅರ್ಜಿ ಪೂರ್ತಿ ಅವಳ ಹತ್ರವೇ ಮಾಡ್ಸೋದು ಅಂತ ಅಲ್ಲೇ ನಿಂತು ತೀರ್ಮಾನ ಮಾಡ್ದೆ.

48 ತಿಂಗ್ಳ ವಿಷ್ಯಕ್ಕೆ 2017ರ ಮೇ 1ರಿಂದ ಜಾರಿಯಾದ ಭಾರತ-ಜರ್ಮನಿ ಒಪ್ಪಂದ ಕೆಲ್ಸಕ್ಕೆ ಬಂತು. ನಮ್ ಪಿಎಫ್ ಪೆನ್ಷನ್ ಸ್ಕೀಮಿನ ವರ್ಷ ಕೂಡ್ಸಿ 60 ತಿಂಗ್ಳ ಗೇಟು ದಾಟಿಸ್ತಾರೆ, ದುಡ್ಡು ಮಾತ್ರ ಅಲ್ಲಿ ಕಟ್ಟಿದ 48ಕ್ಕೇ. ಅರ್ಜಿ ಎರಡು ದೇಶದಲ್ಲಿ ಎಲ್ಲಿ ಕೊಟ್ರೂ ಕೊಟ್ಟ ದಿನಾನೇ ಲೆಕ್ಕ. ಅಲ್ಲಿ ಸಂಬಳ ನೋಡಿ ವರ್ಷಕ್ಕಿಷ್ಟು ಅಂತ ಪೆನ್ಷನ್ ಪಾಯಿಂಟ್ ಕೊಡ್ತಾರೆ, ನಂದು ಸುಮಾರು 5 ಪಾಯಿಂಟು, 2025 ಜುಲೈಯಲ್ಲಿ ಪಾಯಿಂಟಿಗೆ 40.79 ಯೂರೋ ಇತ್ತು, ಅಂದ್ರೆ ತಿಂಗ್ಳಿಗೆ 200ರ ಮೇಲೆ. ಅರ್ಜಿಯಿಂದ ಮೊದ್ಲ ದುಡ್ಡಿಗೆ 14 ತಿಂಗ್ಳು ಹಿಡೀತು, ಬಾಕಿ ಒಟ್ಟಿಗೆ ಬಂತು. ಬ್ಯಾಂಕ್ ವಿವರದಲ್ಲಿ ಐಬ್ಯಾನ್ (ಅಂತರರಾಷ್ಟ್ರೀಯ ಖಾತೆ ನಂಬರು) ಕೇಳ್ತಾರೆ, ನಮ್ ದೇಶದಲ್ಲಿ ಅದಿಲ್ಲ, ಖಾತೆ ನಂಬರು ಮತ್ತು ಸ್ವಿಫ್ಟ್ ಕೋಡ್ (ಹೊರದೇಶದ ದುಡ್ಡು ಬರೋಕೆ ಬ್ಯಾಂಕಿನ ಗುರುತು) ಹಾಕ್ಬೇಕು, ಸಣ್ಣ ಬ್ರಾಂಚಿಗೆ ಸ್ವಿಫ್ಟ್ ಇರಲ್ಲ, ದೊಡ್ಡ ಬ್ರಾಂಚಿಂದು ಕೇಳಿ ತಗೊಳ್ಳಿ.

ಬದುಕಿದೀನಿ ಅಂತ ವರ್ಷಕ್ಕೆ ಎರಡು ಸಲ ಸಾಕ್ಷಿ ಕೊಡೋದು ಈಗ ನನ್ ಹಬ್ಬ. ಜರ್ಮನಿಯ ಕಾಗ್ದ ಪೋಸ್ಟಲ್ಲಿ ಬರುತ್ತೆ, ಸೀಲ್ ಹಾಕ್ಸಿ ಕಳ್ಸ್ಬೇಕು. ಇಲ್ಲಿನ ಜೀವನ್ ಪ್ರಮಾಣಕ್ಕೆ (ಆನ್‌ಲೈನ್ ಬದುಕಿರೋ ಸರ್ಟಿಫಿಕೇಟು) ಹೆಬ್ಬೆಟ್ಟು ಇಟ್ರೆ, ಅಡಿಕೆ ಸುಲ್ದು ಸುಲ್ದು ಗೆರೆನೇ ಸವೆದು ಮಷಿನ್ನು ಆರು ಸಲ ಕೆಂಪು ದೀಪ. ಕೊನೆಗೆ ಮೊಬೈಲಲ್ಲಿ ಮುಖ ತೋರ್ಸಿ ಮುಗಿಸಿದ್ಲು, 'ಕಣ್ ಮುಚ್ಚಿ ತೆಗೀರಿ ಸರ್' ಅಂತ ನಾಲ್ಕು ಸಲ ಹೇಳಿಸ್ಕೊಂಡೆ.

ಎಲ್ರಿಗೂ ಇಲ್ಲಿ ಆಗುತ್ತೆ ಅಂತಲ್ಲ. ಇಂಗ್ಲೆಂಡಿನಲ್ಲಿ ದುಡ್ದವ್ರಿಗೆ ಕನಿಷ್ಠ 10 ವರ್ಷ ಬೇಕು, ನಮ್ ವರ್ಷ ಸೇರ್ಸಲ್ಲ, ಸಿಕ್ಕಿದ್ರೂ ಇಲ್ಲಿ ಕೂತವ್ರಿಗೆ ಮೊತ್ತ ಏರೋದಿಲ್ಲ. ಅಮೆರಿಕಾಕ್ಕೆ ಒಪ್ಪಂದವೇ ಇಲ್ಲ, 40 ಕ್ರೆಡಿಟ್ (ಸುಮಾರು 10 ವರ್ಷದ ದುಡಿಮೆ) ಆಗದಿದ್ರೆ ಕಟ್ಟಿದ್ದು ಕೃಷ್ಣಾರ್ಪಣ. ಭಟ್ಕಳದಿಂದ ದುಬೈಗೆ ಹೋದವ್ರಿಗೆ ಕೆಲ್ಸ ಬಿಟ್ಟಾಗ ಗ್ರಾಚ್ಯುಟಿ ಅಷ್ಟೇ.

ತಗೊಂಡಿದ್ದು 1200 ರೂಪಾಯಿ, ಪೋಸ್ಟ್ ಖರ್ಚು ಬೇರೆ. ಒಂದು ಸ್ಟಾರ್ ಕಡಿಮೆ ಮಾಡಿದ್ದು ರಸೀದಿ ಕೊಡಲ್ಲ ಅಂತ, ಮತ್ತೆ ಒರಿಜಿನಲ್ ಪಾಸ್‌ಪೋರ್ಟ್ ಒಮ್ಮೆ ಬೇರೆಯವ್ರ ಪಹಣಿ ಕಟ್ಟಿನೊಳಗೆ ಸೇರಿ ಎರಡು ದಿನ ನನ್ ನಿದ್ದೆ ಕೆಡ್ಸಿತ್ತು, ಅದಕ್ಕೂ. ಸಂತೆ ದಿನ ಹೋಗ್ಬೇಡಿ, ಮೆಟ್ಲ ತನಕ ಕ್ಯೂ ಇರುತ್ತೆ.