ಗರ್ರಿ ದ್ವೀಪಕ್ಕೆ ಮೂರು ಸಲ: ಬಸ್ಸು, ಟ್ಯಾಗ್ ಅಲಾಂಗ್, ಬಾಡಿಗೆ ಜೀಪು

ಆಸ್ಟ್ರೇಲಿಯಾದ ಪೂರ್ವ ಕರಾವಳಿಯಲ್ಲಿ ಬ್ಯಾಗು ಬೆನ್ನಿಗೇರಿಸಿಕೊಂಡು ತಿರುಗುವವರು ಹಾಸ್ಟೆಲ್ ಅಡುಗೆಮನೆಯಲ್ಲಿ ಸೇರಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. ಗರ್ರಿಗೆ ಹೇಗೆ ಹೋಗೋದು? ಟೂರ್ ಬಸ್ಸಲ್ಲಾ, ಗೈಡ್ ಗಾಡಿಯ ಹಿಂದೆ ನಾವೇ ಓಡಿಸಿಕೊಂಡು ಹೋಗುವ ಟ್ಯಾಗ್ ಅಲಾಂಗಲ್ಲಾ, ಇಲ್ಲಾ ನಾವೇ ಜೀಪು ಬಾಡಿಗೆ ತಗೊಂಡಾ?

ನಾನು ಮೂರರಲ್ಲೂ ಹೋಗಿ ಬಂದಿದ್ದೇನೆ. ವರ್ಕ್ ಅಂಡ್ ಹಾಲಿಡೇ ವೀಸಾದಲ್ಲಿ ಅಲ್ಲಿದ್ದ ವರ್ಷ ಮೊದಲು ಒಂದು ದಿನದ ಬಸ್ಸು, ಆಮೇಲೆ ಮೂರು ದಿನದ ಟ್ಯಾಗ್ ಅಲಾಂಗ್, ಕೊನೆಗೆ ಐದು ಜನ ಸೇರಿ ನಾಲ್ಕು ದಿನದ ಬಾಡಿಗೆ ಜೀಪು. ಮೊದಲ ಸಲ ಹೋಗುವವರಿಗೆ ನನ್ನ ಉತ್ತರ ಟ್ಯಾಗ್ ಅಲಾಂಗ್. ಯಾಕೆ ಅಂತ ಹೇಳೋಕೆ ಮರಳಿನ ಬಗ್ಗೆ, ಉಬ್ಬರ ಇಳಿತದ ಬಗ್ಗೆ ಸ್ವಲ್ಪ ಜಾಸ್ತಿಯೇ ಮಾತಾಡಬೇಕು.

ಗರ್ರಿ ಅಂದರೆ ಮೊದಲು ಫ್ರೇಸರ್ ಐಲ್ಯಾಂಡ್ ಅಂತ ಕರೆಯುತ್ತಿದ್ದ ದ್ವೀಪ. ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲಾ ಜನ ಇಟ್ಟ ಹೆಸರು 2023ರ ಜೂನ್‌ನಲ್ಲಿ ಅಧಿಕೃತವಾಗಿ ವಾಪಸ್ ಬಂತು. ಇಂಗ್ಲಿಷಿನಲ್ಲಿ ಬರೆಯುವಾಗ ಮುಂದೆ ಒಂದು 'ಕೆ' ಇರುತ್ತದೆ, ಹೇಳುವಾಗ ಅದು ಕೇಳಿಸುವುದಿಲ್ಲ. ಜಗತ್ತಿನ ಅತಿ ದೊಡ್ಡ ಮರಳಿನ ದ್ವೀಪ ಇದು. ಉದ್ದ 120 ಕಿಲೋಮೀಟರಿಗೂ ಜಾಸ್ತಿ. 1992ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಲ್ಲಿ ದಾರಿ ಅಂದರೆ ಮರಳೇ. ಪೂರ್ವ ದಡದ ಸೆವೆಂಟಿ ಫೈವ್ ಮೈಲ್ ಬೀಚ್ ಕಾನೂನಿನ ಪ್ರಕಾರ ಹೆದ್ದಾರಿ. 80 ಕಿಲೋಮೀಟರ್ ವೇಗದ ಮಿತಿ ಇದೆ, ಪೊಲೀಸರು ನಿಂತು ಕುಡಿದು ಓಡಿಸುವವರನ್ನು ಹಿಡಿಯುತ್ತಾರೆ, ಅದೇ ಮರಳಿನ ಮೇಲೆ ಸಣ್ಣ ವಿಮಾನವೂ ಇಳಿಯುತ್ತದೆ. ವಿಮಾನ ಬಂದರೆ ನಾವೇ ಪಕ್ಕಕ್ಕೆ ಸರಿಯಬೇಕು.

ಬಸ್ಸಿನ ಮಾತು ಬೇಗ ಮುಗಿಸಿಬಿಡುತ್ತೇನೆ. ಮುಖ್ಯ ಭೂಮಿಯ ಊರಾದ ಹರ್ವಿ ಬೇಯಿಂದ ಬೆಳಗ್ಗೆ ಹೊರಟು ಸಂಜೆಗೆ ವಾಪಸ್. ಲಾರಿಯಂಥ ಎತ್ತರದ ಫೋರ್ ವೀಲ್ ಡ್ರೈವ್ ಬಸ್ಸು. ಒಳದಾರಿಗಳಲ್ಲಿ ಅದು ಎತ್ತಿ ಎತ್ತಿ ಹಾಕುತ್ತದೆ. ಬೆನ್ನು ನೋವಿರುವವರು ಹಿಂದಿನ ಸೀಟಿನಲ್ಲಿ ಕೂರಬೇಡಿ. ಮೂರು ಪ್ರವಾಸಗಳಲ್ಲಿ ಅತಿ ಚೆನ್ನಾಗಿ ಕಥೆ ಹೇಳಿದವರು ಮಾತ್ರ ಈ ಬಸ್ಸಿನ ಚಾಲಕರೇ. ದಡದಲ್ಲಿ ತುಕ್ಕು ಹಿಡಿದು ಬಿದ್ದಿರುವ ಮಹೇನೊ ಹಡಗನ್ನು 1905ರಲ್ಲಿ ಕಟ್ಟಿದ್ದು, ಮೊದಲ ಮಹಾಯುದ್ಧದಲ್ಲಿ ಅದು ಆಸ್ಪತ್ರೆ ಹಡಗಾಗಿದ್ದದ್ದು, 1935ರಲ್ಲಿ ಗುಜರಿಗೆಂದು ಜಪಾನಿಗೆ ಎಳೆದುಕೊಂಡು ಹೋಗುವಾಗ ಚಂಡಮಾರುತಕ್ಕೆ ಹಗ್ಗ ಹರಿದು ಇಲ್ಲಿ ಬಂದು ಬಿದ್ದದ್ದು, ಎಲ್ಲಾ ಅವರಿಂದಲೇ ಗೊತ್ತಾಗಿದ್ದು. ಆದರೆ ಮೆಕೆಂಜಿ ಸರೋವರದಲ್ಲಿ ಸಿಕ್ಕಿದ್ದು ಒಂದೇ ಗಂಟೆ. ಮಳೆ ನೀರು ಬಿಟ್ಟರೆ ಬೇರೆ ನೀರಿಲ್ಲದ ಸರೋವರ ಅದು. ಸುತ್ತಲಿನ ಬಿಳಿ ಮರಳು ಹೆಚ್ಚೂ ಕಡಿಮೆ ಶುದ್ಧ ಸಿಲಿಕಾ. ಅಲ್ಲಿಂದ ಒಂದೇ ಗಂಟೆಯಲ್ಲಿ ಎದ್ದು ಬರೋದು ಎಷ್ಟು ಕಷ್ಟ ಅಂತ ಹೋದವರಿಗೇ ಗೊತ್ತು. ಲೈಸೆನ್ಸ್ ಇಲ್ಲದವರಿಗೆ, ಒಂದೇ ದಿನ ಇರುವವರಿಗೆ, ಅಪ್ಪ ಅಮ್ಮನ ಜೊತೆ ಬಂದವರಿಗೆ ಬಸ್ಸು ಸರಿ. ಟೆಂಟ್, ಸ್ಟಿಯರಿಂಗ್ ಎರಡೂ ಬೇಕು ಅನ್ನುವವರಿಗೆ ಅಲ್ಲ.

ಇನ್ನು ಟ್ಯಾಗ್ ಅಲಾಂಗ್. ಮುಂದೆ ಗೈಡ್ ಓಡಿಸುವ ಒಂದು ಗಾಡಿ, ಅದರ ಹಿಂದೆ ಸಾಲಾಗಿ ನಮ್ಮಂಥವರು ಓಡಿಸುವ ನಾಲ್ಕೈದು ಗಾಡಿ. ಗಾಡಿಗೆ ಎಂಟು ಜನ. ಎಲ್ಲದರಲ್ಲೂ ವಾಕಿಟಾಕಿಯಂಥ ರೇಡಿಯೋ. ಗಾಡಿಯ ಹೆಸರು ಅಲ್ಲಿನವರ ಬಾಯಲ್ಲಿ ಟ್ರೂಪಿ, ಟೊಯೋಟಾ ಲ್ಯಾಂಡ್ ಕ್ರೂಸರ್‌ನ ಟ್ರೂಪ್ ಕ್ಯಾರಿಯರ್. ಹಿಂದೆ ಎದುರುಬದುರು ಬೆಂಚು ಸೀಟು. ಮೊದಲೆಲ್ಲ ಬ್ಯಾಕ್‌ಪ್ಯಾಕರ್‌ಗಳ ಕೈಗೆ ಕೀಲಿ, ಟೆಂಟು, ನಕ್ಷೆ ಕೊಟ್ಟು ಸುಮ್ನೆ ಕಳಿಸಿಬಿಡುತ್ತಿದ್ದರಂತೆ. ಗಾಡಿ ಮಗುಚಿ ಸಾವುಗಳಾದ ಮೇಲೆ, 2009ರ ಹೊತ್ತಿಗೆ, ನಿಯಮ ಬಿಗಿಯಾಯಿತು. ಎಂಟಕ್ಕಿಂತ ಜಾಸ್ತಿ ಜನ ಕೂರಬಾರದು, ಗಾಡಿಯ ಟಾಪ್ ಮೇಲೆ ಸಾಮಾನು ಕಟ್ಟಬಾರದು. ಟ್ರೂಪಿ ಎತ್ತರದ ಗಾಡಿ. ಮೇಲೆ ಭಾರ ಹೇರಿ ವೇಗದಲ್ಲಿದ್ದಾಗ ಅಲೆ ತಪ್ಪಿಸೋಕೆ ಅಂತ ಸ್ಟಿಯರಿಂಗ್ ಜಗ್ಗಿದರೆ ಅದು ಮಗುಚದೆ ಇನ್ನೇನಾಗುತ್ತದೆ, ಅಲ್ವಾ?

ನಮ್ಮ ಸಾಲು ಹೊರಟಿದ್ದು ಮುಖ್ಯ ಭೂಮಿಯ ಇನ್ನೊಂದು ಊರಾದ ರೇನ್‌ಬೋ ಬೀಚಿನಿಂದ. ಇನ್‌ಸ್ಕಿಪ್ ಪಾಯಿಂಟ್‌ನಲ್ಲಿ ಗಾಡಿಗಳನ್ನು ದ್ವೀಪಕ್ಕೆ ದಾಟಿಸುವ ದೋಣಿ, ಅಂದರೆ ಬಾರ್ಜ್, ಹತ್ತುವುದಕ್ಕೂ ಮೊದಲೇ ಗೈಡ್ ಎಲ್ಲರನ್ನೂ ಇಳಿಸಿ ಚಕ್ರದ ಪಕ್ಕ ಕೂರಿಸಿದಳು. ವಾಲ್ವಿಗೆ ಸಣ್ಣ ಹಿತ್ತಾಳೆ ಉಪಕರಣ ತಿರುಗಿಸಿದರೆ ಸುಯ್ ಅಂತ ಗಾಳಿ ಹೋಗುತ್ತದೆ. ಟಾರ್ ರೋಡಿಗೆಂದು ತುಂಬಿದ್ದ ಗಾಳಿಯನ್ನು 20 ಪಿಎಸ್ಐಗೆ ಇಳಿಸುವಷ್ಟರಲ್ಲಿ ಟೈರಿನ ಹೊಟ್ಟೆ ಹೊರಗೆ ಉಬ್ಬಿರುತ್ತದೆ. ಅದನ್ನು ಅಂಗೈಯಿಂದ ಒತ್ತಿ ನೋಡಿ ಅಂದಳು. ಟೈರು ನೆಲಕ್ಕೆ ತಾಗುವ ಜಾಗ ಉದ್ದವಾಗುತ್ತದೆ, ಭಾರ ಹಂಚಿಹೋಗುತ್ತದೆ, ಚಕ್ರ ಮರಳನ್ನು ಅಗೆಯುವ ಬದಲು ಅದರ ಮೇಲೆ ತೇಲುತ್ತದೆ. ಎರಡು ನಿಮಿಷದ ಈ ಪಾಠ ನನಗೆ ಮುಂದೆ ಎಷ್ಟು ಉಪಯೋಗಕ್ಕೆ ಬಂತು ಅಂದರೆ, ಕೊಟ್ಟ ದುಡ್ಡಿನಲ್ಲಿ ಅರ್ಧ ಅದಕ್ಕೇ ಸಂದಿತು ಅಂತ ಈಗಲೂ ಅನ್ನಿಸುತ್ತದೆ.

ಮಿಕ್ಕಿದ್ದನ್ನು ರೇಡಿಯೋದಲ್ಲಿ ಕಲಿಸಿದಳು. ಮೆತ್ತನೆಯ ಮರಳಲ್ಲಿ ವೇಗ ಕಳೆದುಕೊಳ್ಳಬೇಡ. ಬ್ರೇಕ್ ಒತ್ತಬೇಡ, ಒತ್ತಿದರೆ ಮುಂದೆ ಮರಳಿನ ಗುಡ್ಡೆ ಏಳುತ್ತದೆ. ಮುಂದೆ ಹೋದವರ ಚಕ್ರದ ಜಾಡಿನಲ್ಲೇ ಹೋಗು. ಸಿಕ್ಕಿಬಿದ್ದರೆ ಆಕ್ಸಲರೇಟರ್ ತುಳಿದು ಚಕ್ರ ಸುತ್ತಿಸಬೇಡ, ಬಂದ ಜಾಡಿನಲ್ಲೇ ರಿವರ್ಸ್ ತಗೋ. ದಡದಲ್ಲಿ ಸಣ್ಣ ತೊರೆಗಳು ಸಮುದ್ರಕ್ಕೆ ಸೇರುವ ಕಡೆ ಮರಳು ಕೊರೆದು ಮೊಣಕಾಲೆತ್ತರದ ಕೊರಕಲು ಆಗಿರುತ್ತದೆ. ದೂರದಿಂದ ಅದು ಕಾಣುವುದೇ ಇಲ್ಲ. ಮುಂದಿನ ಗಾಡಿಯಿಂದ "ಕೊರಕಲು, ನಿಧಾನ" ಅಂತ ರೇಡಿಯೋದಲ್ಲಿ ಕೇಳಿದ ಮೇಲೂ ನನಗೆ ಅದು ಕಂಡಿದ್ದು ತೀರಾ ಹತ್ತಿರ ಬಂದಾಗ. 80ರಲ್ಲಿದ್ದಿದ್ದರೆ ಗಾಡಿ ಹಾರುತ್ತಿತ್ತು.

ಟ್ಯಾಗ್ ಅಲಾಂಗ್‌ನ ಕೊರತೆಯೂ ಇಲ್ಲೇ ಇದೆ. ಓಡಿಸೋಕೆ ಸಿಗುವುದು ಸ್ವಲ್ಪ. ಬಹುತೇಕ ಕಡೆ 21 ದಾಟಿರಬೇಕು, ಪೂರ್ತಿ ಲೈಸೆನ್ಸ್ ಇರಬೇಕು. ನಮ್ಮ ಗಾಡಿಯಲ್ಲಿ ಹಾಗೆ ಇದ್ದವರು ನಾಲ್ಕು ಜನ. ಮೂರು ದಿನದಲ್ಲಿ ನನ್ನ ಪಾಲಿಗೆ ಬಂದದ್ದು ಮೂರು ಗಂಟೆಯೂ ಇರಲಿಲ್ಲ. ಮಿಕ್ಕ ಹೊತ್ತೆಲ್ಲ ಹಿಂದಿನ ಬೆಂಚಿನಲ್ಲಿ ಅಡ್ಡಡ್ಡ ಕೂತು ಎದುರಿನವರ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಹೋಗಬೇಕು. ಓಡಿಸುವ ಆಸೆಗೇ ಹೋಗುವವರು ಬುಕ್ ಮಾಡುವ ಮುಂಚೆ ಒಂದು ಗಾಡಿಗೆ ಎಷ್ಟು ಜನ ಚಾಲಕರನ್ನು ಹಾಕುತ್ತೀರಿ ಅಂತ ಕೇಳಿ.

ಬಾಡಿಗೆ ಜೀಪಿನಲ್ಲಿ ಈ ಕೊರತೆ ಪೂರ್ತಿ ಹೋಯಿತು. ಐದು ಜನರಲ್ಲಿ ಓಡಿಸುವವರು ಇಬ್ಬರೇ. ಈ ಸಲ ರಿವರ್ ಹೆಡ್ಸ್‌ನಿಂದ ಬಾರ್ಜ್ ಹಿಡಿದು ವಾಂಗೂಲ್ಬಾ ಕ್ರೀಕಿನಲ್ಲಿ ಇಳಿದೆವು. ಸೆಂಟ್ರಲ್ ಸ್ಟೇಷನ್ ಅಂತ ಕರೆಯುವ ಜಾಗದ ಮಳೆಕಾಡಿನ ಒಳದಾರಿ ನನ್ನ ಪಾಲಿಗೆ ಬಂತು. ಎರಡೂ ಕಡೆ ಗೋಡೆಯಂತೆ ಮರಳು, ಬೇರುಗಳ ಮೇಲೆ ಚಕ್ರ ಹತ್ತಿ ಇಳಿಯುವಾಗ ಸ್ಟಿಯರಿಂಗ್ ಕೈಯಲ್ಲೇ ಒದರುತ್ತದೆ. ಒಳದಾರಿಯಲ್ಲಿ ಮಿತಿ 30 ಕಿಲೋಮೀಟರ್, ನಾವು 15 ದಾಟಲೇ ಇಲ್ಲ. ಎದುರಿಗೆ ಬಸ್ಸು ಬಂದಾಗ ಪಕ್ಕದ ಸಂದಿಗೆ ರಿವರ್ಸ್ ಹೋಗಿ ನಿಂತೆ. ಆ ಒಂದು ಗಂಟೆಯ ಖುಷಿ ಟ್ಯಾಗ್ ಅಲಾಂಗ್‌ನಲ್ಲಿ ಸಿಗಲಿಲ್ಲ, ಬಸ್ಸಿನಲ್ಲಿ ಸಿಗುವ ಮಾತೇ ಇಲ್ಲ. ಬೆಳಗ್ಗೆ ಏಳೂವರೆಗೆ ಮೆಕೆಂಜಿ ಸರೋವರ ತಲುಪಿದಾಗ ನೀರಲ್ಲಿ ನಾವು ಐದು ಜನ ಬಿಟ್ಟರೆ ಯಾರೂ ಇರಲಿಲ್ಲ. ಬಸ್ಸುಗಳು ಬರುವ ಹೊತ್ತಿಗೆ ನಾವು ಹೊರಟಾಗಿತ್ತು.

ಎಡವಟ್ಟು ಆದದ್ದು ಮೂರನೇ ದಿನ, ಉಬ್ಬರದ ಲೆಕ್ಕದಲ್ಲಿ. ಈ ದ್ವೀಪದಲ್ಲಿ ಗಡಿಯಾರಕ್ಕಿಂತ ಮುಖ್ಯ ಉಬ್ಬರ ಇಳಿತದ ಪಟ್ಟಿ. ಇಳಿತ ಇದ್ದಾಗ ದಡದಲ್ಲಿ ಒದ್ದೆ ಮರಳು ಗಟ್ಟಿಯಾಗಿ ಹತ್ತಾರು ಮೀಟರ್ ಅಗಲ ಹಾಸಿರುತ್ತದೆ. ಉಬ್ಬರ ಏರಿದಂತೆ ಆ ಗಟ್ಟಿ ಜಾಗ ಸಣ್ಣದಾಗುತ್ತಾ ನಿಮ್ಮನ್ನು ಮೇಲಿನ ಒಣ, ಮೆತ್ತನೆಯ ಮರಳಿಗೆ ತಳ್ಳುತ್ತದೆ. ಉಬ್ಬರದ ಮುಂಚೆ ಎರಡು ಗಂಟೆ, ಆಮೇಲೆ ಎರಡು ಗಂಟೆ ಬೀಚಿನ ಮೇಲೆ ಗಾಡಿ ಇರಬಾರದು ಅನ್ನುವುದು ಅಲ್ಲಿನ ಕಟ್ಟುನಿಟ್ಟಿನ ಸಲಹೆ. ಟ್ಯಾಗ್ ಅಲಾಂಗ್‌ನಲ್ಲಿ ನಾನು ಉಬ್ಬರದ ಪಟ್ಟಿಯನ್ನು ಒಮ್ಮೆಯೂ ನೋಡಿರಲಿಲ್ಲ. ಗೈಡ್ ಏಳಿ ಅಂದಾಗ ಎದ್ದೆವು, ಹೊರಡಿ ಅಂದಾಗ ಹೊರಟೆವು. ಇಷ್ಟು ಬೇಗ ಯಾಕೆ ಎಬ್ಬಿಸುತ್ತಾಳೆ ಅಂತ ಕೆಲವರು ಗೊಣಗಿದ್ದೂ ಉಂಟು.

ಈ ಸಲ ಪಟ್ಟಿ ನಮ್ಮ ಕೈಯಲ್ಲೇ ಇತ್ತು. ಬಂಡೆಗಳ ನಡುವೆ ಸಮುದ್ರದ ನೀರು ನಿಲ್ಲುವ ಶಾಂಪೇನ್ ಪೂಲ್ಸ್‌ನಲ್ಲಿ ಇನ್ನೊಂದು ಸಲ ಮುಳುಗಿ ಬರೋಣ ಅಂತ ಇಬ್ಬರು, ಈಗಲೇ ಹೊರಡೋಣ ಅಂತ ಇಬ್ಬರು. ಐದನೆಯವಳು ಏನೂ ಹೇಳಲಿಲ್ಲ. ಮುಕ್ಕಾಲು ಗಂಟೆ ಹೋಯಿತು. ಇಂಡಿಯನ್ ಹೆಡ್ ಅನ್ನುವ ಬಂಡೆಗುಡ್ಡದ ಹಿಂದಿನ ಬೈಪಾಸಿನ ಮರಳು ಮೊದಲೇ ತೀರಾ ಮೆತ್ತಗೆ, ಅದರಲ್ಲಿ ಇನ್ನಷ್ಟು ಹೊತ್ತು ಹೋಯಿತು. ಬೀಚಿಗೆ ಇಳಿದು ಎಂಟು ಹತ್ತು ಕಿಲೋಮೀಟರ್ ಬರುವಷ್ಟರಲ್ಲಿ ಅಲೆ ನಮ್ಮ ಜಾಡಿಗೆ ಬಂದಿತ್ತು. ಗೆಳೆಯ ಮೇಲಕ್ಕೆ ತಿರುಗಿಸಿದ, ಗಾಡಿ ಆಕ್ಸಲ್‌ವರೆಗೆ ಹೂತುಹೋಯಿತು. ಸಲಿಕೆಯಲ್ಲಿ ಅಗೆದದ್ದು ಅಲೆ ಬಂದು ತುಂಬುತ್ತಿತ್ತು. ಹಿಂದಿನ ಚಕ್ರದ ಕೆಳಗೆ ನೊರೆ ಬಂದು ಹೋದಾಗ ನನ್ನ ಕೈ ನಡುಗುತ್ತಿತ್ತು. ಗಾಳಿ ಇನ್ನೂ ಇಳಿಸೋಣ ಅಂತ ಹೊಳೆದದ್ದು ಆಗಲೇ. 14ಕ್ಕೆ ಇಳಿಸಿ, ಪ್ಲಾಸ್ಟಿಕ್ ಹಲಗೆಗಳನ್ನು ಚಕ್ರದ ಮುಂದೆ ಒತ್ತಿಟ್ಟು, ಮೀನು ಹಿಡಿಯೋಕೆ ಬಂದಿದ್ದ ಇಬ್ಬರು ಸ್ಥಳೀಯರು ಹಗ್ಗ ಹಾಕಿ ಎಳೆದ ಮೇಲೆ ಗಾಡಿ ಮೇಲೆ ಬಂತು. ಅವರು ದುಡ್ಡು ಮುಟ್ಟಲಿಲ್ಲ. ನೀರು ಇಳಿಯಲಿ ಅಂತ ಮರಳುಗುಡ್ಡೆಯ ಅಂಚಿನಲ್ಲಿ ನಾಲ್ಕು ಗಂಟೆ ಕೂತೆವು.

ಗಾಡಿ ವಾಪಸ್ ಕೊಟ್ಟಾಗ ಅಡಿಯಲ್ಲಿ ಉಪ್ಪುನೀರಿನ ಗುರುತು ತೋರಿಸಿ ಕಂಪನಿಯವರು ಮುಂಗಡದಲ್ಲಿ ಒಂದಷ್ಟು ಹಿಡಿದುಕೊಂಡರು. ನಾವು ವಾದ ಮಾಡಿದೆವು. ಆದರೆ ಉಪ್ಪುನೀರಿನ ಹಾನಿಗೆ ವಿಮೆ ಇಲ್ಲ ಅಂತ ಕರಾರಿನಲ್ಲಿ ಬರೆದಿತ್ತು. ಬಾಡಿಗೆ ತಗೊಳ್ಳುವವರು ಆ ಸಾಲನ್ನು ಓದಿ ಆಮೇಲೆ ಸಹಿ ಹಾಕಿ. ಸಾಮಾನ್ಯ ಕಾರ್ ಬಾಡಿಗೆ ಕಂಪನಿಗಳ ಗಾಡಿಯನ್ನು ಈ ದ್ವೀಪಕ್ಕೆ ತರುವ ಹಾಗೇ ಇಲ್ಲ, ಅದೂ ನೆನಪಿರಲಿ.

ದುಡ್ಡಿನ ಲೆಕ್ಕ ಹೀಗೆ. ಬಸ್ಸಿಗೆ ನಾನು ಕೊಟ್ಟದ್ದು ಇನ್ನೂರು ಡಾಲರಿನ ಮೇಲೆ, ಟ್ಯಾಗ್ ಅಲಾಂಗ್‌ಗೆ ಐನೂರು ಚಿಲ್ಲರೆ. ಜೀಪಿನ ಬಾಡಿಗೆ ಐದು ಜನಕ್ಕೆ ಹಂಚಿದಾಗ ಕಡಿಮೆ ಅನ್ನಿಸಿತ್ತು. ಬಾರ್ಜ್, ವಾಹನ ಪರವಾನಗಿ, ಕ್ಯಾಂಪಿಂಗ್ ಪರವಾನಗಿ, ದ್ವೀಪದಲ್ಲಿ ದುಬಾರಿಯಾಗಿರುವ ಡೀಸೆಲ್, ಊಟ ಎಲ್ಲಾ ಸೇರಿದಾಗ ಟ್ಯಾಗ್ ಅಲಾಂಗ್‌ಗಿಂತ ಜಾಸ್ತಿಯೇ ಆಯಿತು. ಉಳಿತಾಯಕ್ಕೆ ಅಂತ ಸ್ವಂತ ಜೀಪಿನ ದಾರಿ ಹಿಡಿಯಬೇಡಿ.

ರಾತ್ರಿಗಳ ವಿಷಯದಲ್ಲಿ ನನ್ನ ಮನಸ್ಸು ಮಾತ್ರ ಜೀಪಿನ ಕಡೆಗೇ. ಟ್ಯಾಗ್ ಅಲಾಂಗ್‌ನಲ್ಲಿ ಬೇಲಿ ಹಾಕಿದ ಕ್ಯಾಂಪು, ಮೊದಲೇ ನಿಲ್ಲಿಸಿಟ್ಟ ಟೆಂಟು, ಗಾಡಿಗೊಂದು ಊಟದ ಪೆಟ್ಟಿಗೆ. ಒಂದು ಗಾಡಿಯವರು ತರಕಾರಿ ಹೆಚ್ಚಿದರೆ ಇನ್ನೊಂದು ಗಾಡಿಯವರು ಪಾತ್ರೆ ತೊಳೆಯಬೇಕು. ನಾಲ್ಕು ದೇಶದ ಎಂಟು ಜನ ಒಂದೇ ಬಾಣಲೆ ಸುತ್ತ ನಿಂತರೆ ಸ್ನೇಹ ತಾನಾಗೇ ಆಗುತ್ತದೆ. ಒಬ್ಬರೇ ತಿರುಗುತ್ತಿರುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಮೂವತ್ತು ಜನರ ಗಲಾಟೆಯಲ್ಲಿ ಸಮುದ್ರದ ಸದ್ದು ಕೇಳಲಿಲ್ಲ. ಜೀಪಿನಲ್ಲಿ ಹೋದಾಗ ಒಂದು ರಾತ್ರಿ ಮರಳುಗುಡ್ಡೆಯ ಹಿಂದೆ ನಾವೇ ಟೆಂಟ್ ಹಾಕಿದೆವು. ಶೌಚಾಲಯ ಇಲ್ಲ, ನಲ್ಲಿ ಇಲ್ಲ, ಬೆಂಕಿ ಹಾಕುವ ಹಾಗಿಲ್ಲ, ಬೇಲಿಯೂ ಇಲ್ಲ. ಗ್ಯಾಸ್ ಒಲೆಯಲ್ಲಿ ಅನ್ನ ಬೇಯಿಸಿ, ಊಟದ ಸಾಮಾನೆಲ್ಲ ಗಾಡಿಯೊಳಗಿಟ್ಟು ಬೀಗ ಹಾಕಿ ಮಲಗಿದೆವು. ಬೆಳಗ್ಗೆ ಟೆಂಟಿನ ಜಿಪ್ ತೆಗೆದರೆ ಸುತ್ತಲೂ ಒಂದು ಸುತ್ತು ಹಾಕಿದ ಹೆಜ್ಜೆ ಗುರುತು. ನನ್ನ ತಲೆ ಇದ್ದ ಕಡೆ ಎರಡು ಗುರುತು ಆಳವಾಗಿದ್ದವು. ಡಿಂಗೊ, ಅಂದರೆ ಅಲ್ಲಿನ ಕಾಡುನಾಯಿ, ಅಲ್ಲಿ ನಿಂತು ಮೂಸಿ ನೋಡಿತ್ತು.

ಡಿಂಗೊ ವಿಷಯ ಹಗುರವಾಗಿ ತಗೊಳ್ಳಬೇಡಿ. ನೋಡೋಕೆ ಸಣಕಲು ನಾಯಿ ಥರ ಇದ್ದರೂ ಅದು ಕಾಡುಪ್ರಾಣಿ. ಊಟ ಹಾಕಿದರೆ ಸಾವಿರಾರು ಡಾಲರ್ ದಂಡ. ಜನರ ಊಟಕ್ಕೆ ಒಗ್ಗಿದ ಡಿಂಗೊ ಮೈಮೇಲೆ ಬರತೊಡಗಿದರೆ ಕೊನೆಗೆ ಅದನ್ನೇ ಕೊಲ್ಲಬೇಕಾಗುತ್ತದೆ. ಒಂದು ಬ್ರೆಡ್ ತುಂಡಿನ ಬೆಲೆ ಅದರ ಜೀವ. ರಾತ್ರಿ ಟೆಂಟಿನಿಂದ ಹೊರಗೆ ಹೋಗುವಾಗ ಇಬ್ಬರು ಹೋಗಿ, ಕೈಯಲ್ಲಿ ಕೋಲಿರಲಿ, ಎದುರಾದರೆ ಬೆನ್ನು ಹಾಕಿ ಓಡಬೇಡಿ.

ಬಾಡಿಗೆ ಜೀಪು ಯಾರಿಗೆ ಅಂದರೆ, ಗುಂಪಿನಲ್ಲಿ ಒಬ್ಬರಾದರೂ ಮರಳಲ್ಲಿ ಓಡಿಸಿರಬೇಕು, ಮತ್ತು ಉಬ್ಬರದ ಪಟ್ಟಿ ಹಿಡಿದವರ ಮಾತಿಗೆ ಮಿಕ್ಕವರು ಎದುರಾಡದೆ ಏಳಬೇಕು. ನಮ್ಮ ಐವರಲ್ಲಿ ಮೊದಲನೆಯದು ಇತ್ತು, ಎರಡನೆಯದು ಇರಲಿಲ್ಲ. ನಾಲ್ಕನೇ ಸಲಕ್ಕೆ ಈಗಾಗಲೇ ಮಾತಾಡಿಕೊಂಡಿದ್ದೇವೆ. ಒಂದೇ ಗಾಡಿ ಬೇಡ, ಎರಡು ಜೀಪು, ಒಂದು ಹೂತರೆ ಇನ್ನೊಂದು ಎಳೆಯೋಕೆ. ಪಟ್ಟಿ ಹಿಡಿಯುವವಳು ಅವತ್ತು ಶಾಂಪೇನ್ ಪೂಲ್ಸ್‌ನಲ್ಲಿ ಸುಮ್ಮನಿದ್ದ ಆ ಐದನೆಯವಳು. ಹೊರಡೋಣ ಅಂತ ಅವತ್ತೇ ಹೇಳಬೇಕಿತ್ತು ಅಂತ ಅವಳು ವಾಪಸ್ ಬರುವ ಬಾರ್ಜಿನಲ್ಲಿ ಹೇಳಿದ್ದಳು.